ಭೂಮಾಪನದಲ್ಲಿ ರೇಡಿಯೋ ಸಂಕೇತಗಳ ಉಪಯೋಗ

ನೆಲವನ್ನು ಅಳೆಯುವ ವಿದ್ಯೆಯು ಬಹು ಪುರಾತನವಾದುದು. ಹೊಲದ ಬದುವಿಗಾಗಿ ಅಣ್ಣತಮ್ಮಂದಿರಲ್ಲಿ ಜಗಳ ಹುಟ್ಟಿದ ದಿನವೇ ಮೋಜಣಿಯೂ ಹುಟ್ಟಿರಬೇಕು. ಹಗ್ಗ ಹೋಗಿ ಸರಪಳಿ ಬಂದಿತು. ಸರಪಳಿಯ ಜೊತೆಗೆ ಥಿಯೋಡೊಲೈಟ್ ಬಂದಿತು. ಈಗ ವಿದ್ಯುತ್ ಯಂತ್ರಗಳ ಕಾಲ. ಉಪಕರಣಗಳು ಎಷ್ಟೇ ಬದಲಾದರೂ ಮೋಜಣಿದಾರನ ಕೆಲಸದಲ್ಲಿ ಎರಡು ಭಾಗಗಳಿರುವುದು ಮಾತ್ರ ಬದಲಾಗಿಲ್ಲ. ಅಳೆಯಬೇಕಾದ ಬಿಂದು ಎಲ್ಲಿದೆಯೆಂದು ಕಂಡುಕೊಳ್ಳುವುದು ಮೊದಲನೆಯದು. ಕಂಡ ಬಿಂದುವಿನ ಕೋನವನ್ನೂ ದೂರವನ್ನೂ ಅಳೆಯುವುದು ಎರಡನೆಯದು. ಪಠ್ಯಪುಸ್ತಕಗಳು ಎರಡನೆಯದನ್ನು ಅಧ್ಯಾಯಗಟ್ಟಲೆ ವಿವರಿಸಿ, ಮೊದಲನೆಯದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತವೆ. ಬಯಲಿಗಿಳಿದು ಕೆಲಸ ಮಾಡಿದವರನ್ನು ಕೇಳಿದರೆ, ಹೊತ್ತು ಹೋಗುವುದೆಲ್ಲ ಮೊದಲನೆಯದಕ್ಕೇ ಎನ್ನುತ್ತಾರೆ.

ಈ ಹುಡುಕುವ ಕೆಲಸಕ್ಕೆ ರೇಡಿಯೋ ಹೇಗೆ ನೆರವಾಗುತ್ತದೆ, ಎಲ್ಲಿಯವರೆಗೆ ನೆರವಾಗುತ್ತದೆ, ಎಲ್ಲಿ ಸೋಲುತ್ತದೆ ಎಂಬ ಮೂರು ಪ್ರಶ್ನೆಗಳನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ. ಚಾಂಪಿಯನ್ ರೀಫ್ಸಿನ ಸುತ್ತಮುತ್ತ ಬೆಳೆದ ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವಲ್ಲ. ನಮ್ಮ ನೆಲದ ಚಿನ್ನದ ಸುದ್ದಿಯನ್ನು ಸರ್ಕಾರಿ ಕಾಗದಪತ್ರಕ್ಕೆ ಏರಿಸಿದವನೂ ಒಬ್ಬ ಮೋಜಣಿದಾರನೇ.

ಬಾವುಟದ ಕಾಲ

೧೭೯೯ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಮೈಸೂರು ಸೀಮೆಯ ಎಲ್ಲೆಗಳನ್ನು ಗೊತ್ತುಮಾಡುವ ಕೆಲಸ ಆರಂಭವಾಯಿತು. ೧೮೦೨ರಲ್ಲಿ ಪೂರ್ವದ ಎಲ್ಲೆಯನ್ನು ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರೆನ್ ಎಂಬಾತನ ಕಿವಿಗೆ ಇಲ್ಲಿಯ ಮಣ್ಣಿನಲ್ಲಿ ಚಿನ್ನವಿದೆಯೆಂಬ ಮಾತು ಬಿದ್ದಿತು. ಆತನು ಬಹುಮಾನವನ್ನು ಸಾರಲು, ಹಳ್ಳಿಗರು ಉರಿಗಾಮಿನ ಮಣ್ಣನ್ನು ತಂದು ಅವನೆದುರಿಗೇ ತೊಳೆದು ಚಿನ್ನದ ಕಣಗಳನ್ನು ತೋರಿಸಿದರು. ಮಾರಿಕುಪ್ಪದ ಬಳಿಯ ಅಗೆತಗಳನ್ನೂ ಆತನು ನೋಡಿದನು. ಅದೇ ವಾರೆನ್ ವಿಲಿಯಂ ಲ್ಯಾಂಬ್ಟನ್ನನ ಸಹಾಯಕರಲ್ಲಿ ಒಬ್ಬನಾಗಿದ್ದನು.

ಲ್ಯಾಂಬ್ಟನ್ನನು ೧೮೦೦ರಲ್ಲಿ ಬೆಂಗಳೂರಿನ ಬಳಿ ಒಂದು ಆಧಾರರೇಖೆಯನ್ನು ಅಳೆದನು. ೧೮೦೨ರ ಏಪ್ರಿಲ್ ೧೦ರಂದು ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಮತ್ತೊಂದನ್ನು ಆರಂಭಿಸಿದನು. ೧೮೦೪ರಲ್ಲಿ ಮತ್ತೆ ಬೆಂಗಳೂರಿಗೆ ಬಂದನು. ಮುಂದೆ ಹಿಮಾಲಯದವರೆಗೂ ಹಬ್ಬಿದ ಮಹಾ ತ್ರಿಕೋಣಮಿತಿ ಮೋಜಣಿಯ ಬುಡವಿರುವುದು ಇಲ್ಲಿಯೇ. ಆತನ ದೊಡ್ಡ ಥಿಯೋಡೊಲೈಟಿನ ಚಕ್ರದ ಅಡ್ಡಗಲ ೩೬ ಅಂಗುಲ. ತೂಕ ಸುಮಾರು ಅರ್ಧ ಟನ್. ಅಂಥ ಯಂತ್ರವನ್ನು ಬೆಟ್ಟದ ನೆತ್ತಿಗೋ ಗೋಪುರದ ತುದಿಗೋ ಏರಿಸಿ, ಹತ್ತಾರು ಮೈಲಿ ಆಚೆಯ ಇನ್ನೊಂದು ಬೆಟ್ಟದ ಗುರುತನ್ನು ನೋಡಬೇಕಾಗಿತ್ತು.

ಆ ಗುರುತು ಯಾವುದು? ಹಗಲಿನಲ್ಲಿ ಬಾವುಟ, ರಾತ್ರಿಯಲ್ಲಿ ದೀಪ. ಅದನ್ನು ನಿಲ್ಲಿಸಲು ಆಳುಗಳು ಕಾಡು ಕಡಿದು, ಬೆಟ್ಟ ಹತ್ತಿ, ವಾರಗಟ್ಟಲೆ ಅಲ್ಲಿಯೇ ಬಿಡಾರ ಹೂಡಬೇಕು. ಮಂಜು ಕವಿದರೆ ಗುರುತು ಕಾಣದು. ಕಂಡರೂ ಅದು ತಮ್ಮದೋ ಅಥವಾ ಯಾವುದೋ ಒಣಮರವೋ ಎಂಬ ಸಂಶಯ. ಜರ್ಮನಿಯ ಗಣಿತಜ್ಞನಾದ ಗೌಸ್ ೧೮೨೧ರಲ್ಲಿ ಹೀಲಿಯೋಟ್ರೋಪ್ ಎಂಬ ಉಪಕರಣವನ್ನು ಕಲ್ಪಿಸಿದನು. ಕನ್ನಡಿಯಿಂದ ಸೂರ್ಯನ ಬೆಳಕನ್ನು ನೇರವಾಗಿ ಯಂತ್ರದ ಕಡೆಗೆ ತಿರುಗಿಸುವುದೇ ಅದರ ಮರ್ಮ. ಬಾವುಟವು ಕಾಣದಷ್ಟು ದೂರದಿಂದಲೂ ಕನ್ನಡಿಯ ಮಿಂಚು ನಕ್ಷತ್ರದಂತೆ ಹೊಳೆಯುವುದು. ಲ್ಯಾಂಬ್ಟನ್ನನ ತರುವಾಯ ಬಂದ ಜಾರ್ಜ್ ಎವರೆಸ್ಟನು ಅದನ್ನು ಭಾರತದ ಮೋಜಣಿಯಲ್ಲಿ ಬಳಕೆಗೆ ತಂದನು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಬಾವುಟವು ಸುಮ್ಮನೆ ನಿಂತಿರುವ ಗುರುತು. ಕನ್ನಡಿಯಾದರೋ ‘ನಾನು ಇಲ್ಲಿದ್ದೇನೆ’ ಎಂದು ಕೂಗಿ ಹೇಳುವ ಗುರುತು. ಗುರಿಯೇ ತನ್ನ ಇರವನ್ನು ಯಂತ್ರಕ್ಕೆ ತಿಳಿಸಬೇಕು ಎಂಬ ವಿಚಾರ ಅಲ್ಲಿಂದ ಮೊದಲಾಯಿತು. ರೇಡಿಯೋ ಬಂದ ಮೇಲೆ ಆ ಕೂಗಿಗೆ ಬಿಸಿಲಿನ ಹಂಗು ತಪ್ಪಿತು.

ರೇಡಿಯೋ ಏನನ್ನು ಅಳೆಯಬಲ್ಲದು?

ರೇಡಿಯೋ ಅಲೆಗಳು ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರ್ ವೇಗದಲ್ಲಿ ಚಲಿಸುತ್ತವೆ ಎಂಬುದು ವಿದಿತವೇ ಆಗಿದೆ. ವೇಗ ತಿಳಿದಿದ್ದರೆ, ಅಲೆ ಹೋಗಿ ಬರಲು ಹಿಡಿದ ಕಾಲದಿಂದ ದೂರವನ್ನು ಗುಣಿಸಬಹುದು. ದಕ್ಷಿಣ ಆಫ್ರಿಕದ ಟ್ರೆವರ್ ವಾಡ್ಲಿ ಎಂಬ ವಿಜ್ಞಾನಿಯು ಈ ತತ್ವದ ಮೇಲೆ ಟೆಲ್ಯುರೋಮೀಟರ್ ಎಂಬ ಯಂತ್ರವನ್ನು ರಚಿಸಿದನು. ೧೯೫೭ರಲ್ಲಿ ಅದು ಲೋಕಕ್ಕೆ ಪರಿಚಯವಾಯಿತು. ಒಂದು ಬೆಟ್ಟದ ಯಂತ್ರವು ಅಲೆಯನ್ನು ಕಳುಹಿಸುವುದು. ಇನ್ನೊಂದು ಬೆಟ್ಟದ ಯಂತ್ರವು ಅದನ್ನು ಹಿಡಿದು ಮರಳಿ ಕಳುಹಿಸುವುದು. ಹೋದ ಅಲೆಗೂ ಬಂದ ಅಲೆಗೂ ಇರುವ ಹೊಂದಾಣಿಕೆಯ ವ್ಯತ್ಯಾಸದಿಂದ ದೂರ ಗೊತ್ತಾಗುವುದು. ಹತ್ತಾರು ಕಿಲೋಮೀಟರ್ ದೂರವನ್ನು ಕೆಲವೇ ಸೆಂಟಿಮೀಟರುಗಳ ಹೆಚ್ಚುಕಡಿಮೆಯಲ್ಲಿ ಹೇಳುತ್ತಿದ್ದ ಈ ಯಂತ್ರವು ಮಂಜಿನಲ್ಲಿಯೂ ಇರುಳಿನಲ್ಲಿಯೂ ಕೆಲಸ ಮಾಡುತ್ತಿತ್ತು. ಅದೇ ಅಲೆಯ ಮೇಲೆ ಎರಡು ಕಡೆಯವರೂ ಪರಸ್ಪರ ಮಾತನಾಡಲೂ ಸಾಧ್ಯವಿತ್ತು. ಬಾವುಟ ಬೀಸಿ ಸನ್ನೆ ಮಾಡುತ್ತಿದ್ದವರಿಗೆ ಇದೇನು ಸಣ್ಣ ಅನುಕೂಲವೆ?

ದೂರವನ್ನು ಇಷ್ಟು ಚೆನ್ನಾಗಿ ಅಳೆಯುವ ರೇಡಿಯೋ, ದಿಕ್ಕನ್ನೂ ಹಾಗೆಯೇ ಅಳೆಯಬಾರದೇಕೆ ಎಂದು ವಾಚಕರು ಕೇಳಬಹುದು. ಇದಕ್ಕೆ ಭೌತಶಾಸ್ತ್ರದ ಉತ್ತರವಿದೆ. ಯಾವುದೇ ಅಲೆಯನ್ನು ಹಿಡಿಯುವ ಬಾಯಿಯ ಅಗಲಕ್ಕೂ ಅಲೆಯ ಉದ್ದಕ್ಕೂ ಇರುವ ಪ್ರಮಾಣವೇ ಅದು ಎಷ್ಟು ಸೂಕ್ಷ್ಮವಾದ ಕೋನವನ್ನು ಬಿಡಿಸಿ ತೋರಿಸಬಲ್ಲದು ಎಂಬುದನ್ನು ನಿರ್ಣಯಿಸುತ್ತದೆ. ಮೋಜಣಿಯಲ್ಲಿ ಒಂದು ಸೆಕೆಂಡು ಕೋನವೂ ಲೆಕ್ಕಕ್ಕೆ ಬರುವುದು. ಏಕೆಂದರೆ ಒಂದು ಕಿಲೋಮೀಟರ್ ದೂರದಲ್ಲಿ ಒಂದು ಸೆಕೆಂಡು ಎಂದರೆ ಸುಮಾರು ೫ ಮಿಲಿಮೀಟರ್. ಇಂದಿನ ಯಂತ್ರಗಳು ಬಳಸುವ ೨.೪ ಗಿಗಾಹರ್ಟ್ಸ್ ರೇಡಿಯೋ ಅಲೆಯ ಉದ್ದ ೧೨.೫ ಸೆಂಟಿಮೀಟರ್. ಆ ಅಲೆಯಿಂದ ಒಂದು ಸೆಕೆಂಡು ಕೋನವನ್ನು ಬಿಡಿಸಬೇಕಾದರೆ ಆಂಟೆನಾದ ಅಗಲ ಸುಮಾರು ೨೬ ಕಿಲೋಮೀಟರ್ ಇರಬೇಕಾಗುತ್ತದೆ! ಅದೇ ಕಣ್ಣಿಗೆ ಕಾಣುವ ಬೆಳಕಿನ ಅಲೆಯಾದರೆ, ಅದರ ಉದ್ದ ಒಂದು ಮಿಲಿಮೀಟರಿನ ಎರಡು ಸಾವಿರದಲ್ಲೊಂದು ಪಾಲು ಮಾತ್ರವಾದ್ದರಿಂದ, ೧೦ ಸೆಂಟಿಮೀಟರ್ ಅಗಲದ ಮಸೂರವೇ ಸಾಕು.

ಇದರಿಂದ ಸಿದ್ಧವಾಗುವುದೇನೆಂದರೆ, ಗುರಿಯ ದಿಕ್ಕನ್ನು ಕಟ್ಟಕಡೆಯ ಸೂಕ್ಷ್ಮದವರೆಗೆ ಅಳೆಯುವ ಕೆಲಸ ಬೆಳಕಿಗೇ ಸೇರಿದ್ದು. ಆದರೆ ಬೆಳಕಿಗೆ ಒಂದು ಕೊರತೆಯಿದೆ. ದೂರದರ್ಶಕದ ಕಣ್ಣು ಬಹಳ ಕಿರಿದು. ಸುಮಾರು ಒಂದೂವರೆ ಡಿಗ್ರಿಯಷ್ಟು ಜಾಗ ಮಾತ್ರ ಅದಕ್ಕೆ ಕಾಣುವುದು. ೩೬೦ ಡಿಗ್ರಿಯ ಸುತ್ತಿನಲ್ಲಿ ಅದನ್ನು ಎತ್ತ ತಿರುಗಿಸಬೇಕು ಎಂದು ಯಾರಾದರೂ ಹೇಳಬೇಕು. ಹಾಗೆ ಹೇಳುವವನೇ ರೇಡಿಯೋ.

ಯಂತ್ರವು ಗುರಿಯನ್ನು ಹುಡುಕುವ ಬಗೆ

ಇಂದು ಮೋಜಣಿದಾರರು ಬಳಸುವ ‘ಟೋಟಲ್ ಸ್ಟೇಷನ್’ ಎಂಬುದು ಥಿಯೋಡೊಲೈಟ್, ಬೆಳಕಿನಿಂದ ದೂರ ಅಳೆಯುವ ಸಾಧನ, ಗಣಕ ಈ ಮೂರೂ ಕೂಡಿದ ಯಂತ್ರ. ಗುರಿಯ ಸ್ಥಾನದಲ್ಲಿ ಕೋಲಿನ ಮೇಲೆ ಗಾಜಿನ ಪ್ರಿಸಂ ಇರುತ್ತದೆ. ಈ ಪ್ರಿಸಮ್ಮಿನ ಗುಣವೇನೆಂದರೆ, ಬೆಳಕು ಯಾವ ದಿಕ್ಕಿನಿಂದ ಬಂದರೂ ಅದನ್ನು ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳುಹಿಸುವುದು. ೧೯೯೦ರಲ್ಲಿ ಸ್ವೀಡನ್ ದೇಶದ ಜಿಯೋಡಿಮೀಟರ್ ೪೦೦೦ ಎಂಬ ಯಂತ್ರವು ಬಂದಾಗ ಮೋಜಣಿಯಲ್ಲಿ ಹೊಸದೊಂದು ಯುಗ ತೆರೆಯಿತು. ಯಂತ್ರದ ಬಳಿ ಯಾರೂ ನಿಲ್ಲಬೇಕಾಗಿರಲಿಲ್ಲ. ಮೋಜಣಿದಾರನೇ ಪ್ರಿಸಂ ಕೋಲನ್ನು ಹಿಡಿದು ನಡೆಯುತ್ತ, ರೇಡಿಯೋ ಮೂಲಕ ಯಂತ್ರಕ್ಕೆ ಅಪ್ಪಣೆ ಕೊಡಬಹುದಾಗಿತ್ತು.

ಆದರೆ ಮೋಟಾರಿನಿಂದ ತಾನೇ ತಿರುಗುವ ಇಂಥ ಯಂತ್ರವು ಗುರಿಯನ್ನು ಒಮ್ಮೆ ಕಳೆದುಕೊಂಡರೆ ಮತ್ತೆ ಹುಡುಕುವುದು ಹೇಗೆ? ಲಾರಿಯೊಂದು ಅಡ್ಡ ಬಂದರೆ ಸಾಕು, ನೋಟದ ಎಳೆ ಕಡಿಯುವುದು. ಕುರುಡಾಗಿ ಸುತ್ತಲೂ ತಡಕಾಡಿದರೆ ಹೊತ್ತು ಹೋಗುವುದು. ಮೇಲಾಗಿ ಕಿಟಕಿಯ ಗಾಜನ್ನೋ ರಸ್ತೆಯ ಹೊಳಪು ಗುರುತನ್ನೋ ಪ್ರಿಸಂ ಎಂದು ಭ್ರಮಿಸುವ ಅಪಾಯವಿದೆ. ಇದಕ್ಕೆ ಕಂಡುಕೊಂಡ ಉಪಾಯವನ್ನು ನಾಲ್ಕು ಮೆಟ್ಟಿಲುಗಳಲ್ಲಿ ವಿವರಿಸಬಹುದು.

ಮೊದಲನೆಯದಾಗಿ, ಪ್ರಿಸಂ ಕೋಲಿನಲ್ಲಿ ಒಂದು ಸಣ್ಣ ಉಪಗ್ರಹ ಗ್ರಾಹಕವನ್ನು ಇಡುತ್ತಾರೆ. ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿ.ಪಿ.ಎಸ್. ಉಪಗ್ರಹಗಳ ರೇಡಿಯೋ ಸಂಕೇತಗಳಿಂದ ಅದು ತನ್ನ ಸ್ಥಾನವನ್ನು ಕೆಲವು ಮೀಟರುಗಳ ಹೆಚ್ಚುಕಡಿಮೆಯಲ್ಲಿ ತಿಳಿದುಕೊಳ್ಳುತ್ತದೆ. ಎರಡನೆಯದಾಗಿ, ಕೋಲಿನಿಂದ ಈ ಸ್ಥಾನವು ರೇಡಿಯೋ ಮೂಲಕ ಟೋಟಲ್ ಸ್ಟೇಷನ್ನಿಗೆ ತಲಪುತ್ತದೆ. ಮೂರನೆಯದಾಗಿ, ಯಂತ್ರವು ತಾನು ನಿಂತ ಸ್ಥಾನದಿಂದ ಆ ಸ್ಥಾನಕ್ಕೆ ಇರುವ ದಿಕ್ಕನ್ನೂ ಏರುತಗ್ಗನ್ನೂ ಗುಣಿಸಿ, ಮೋಟಾರಿನಿಂದ ಆ ಕಡೆಗೆ ತಿರುಗುತ್ತದೆ. ಇದಕ್ಕಾಗಿ ಕೆಲಸದ ಆರಂಭದಲ್ಲಿ ಎರಡು ಮೂರು ಬಿಂದುಗಳನ್ನು ಎರಡೂ ವಿಧದಿಂದ ಅಳೆದು, ಉಪಗ್ರಹದ ಲೆಕ್ಕಕ್ಕೂ ಯಂತ್ರದ ಲೆಕ್ಕಕ್ಕೂ ಗಂಟುಹಾಕಿರಬೇಕು. ನಾಲ್ಕನೆಯದಾಗಿ, ಯಂತ್ರವು ಅವಕೆಂಪು ಬೆಳಕನ್ನು ಚೆಲ್ಲಿ, ಪ್ರಿಸಮ್ಮಿನಿಂದ ಮರಳಿದ ಚುಕ್ಕೆಯನ್ನು ಒಳಗಿನ ಕ್ಯಾಮರಾದಿಂದ ಕಂಡು, ಆ ಚುಕ್ಕೆಯ ಮಧ್ಯವನ್ನು ಹಿಡಿದು ಕೋನವನ್ನು ಓದುತ್ತದೆ. ಹೀಗೆ ಮೊದಲ ಮೂರು ಮೆಟ್ಟಿಲುಗಳ ಹುಡುಕಾಟ ರೇಡಿಯೋದಿಂದ, ಕಡೆಯ ಮೆಟ್ಟಿಲಿನ ಅಳತೆ ಬೆಳಕಿನಿಂದ.

ಕೆಲವು ಗುರಿಗಳಲ್ಲಿ ಪ್ರಿಸಮ್ಮಿನ ಜೊತೆಗೆ ಪುಟ್ಟ ದೀಪಗಳಿದ್ದು, ಪ್ರತಿಯೊಂದು ಗುರಿಯೂ ತನ್ನದೇ ಆದ ರೀತಿಯಲ್ಲಿ ಮಿನುಗುತ್ತದೆ. ಒಂದೇ ಬಯಲಿನಲ್ಲಿ ನಾಲ್ಕು ತಂಡಗಳು ಕೆಲಸ ಮಾಡುತ್ತಿದ್ದರೂ ಯಂತ್ರವು ತನ್ನ ಒಡೆಯನನ್ನೇ ಗುರುತಿಸುವುದು. ಒಣಮರವನ್ನು ಬಾವುಟವೆಂದು ಶಂಕಿಸಿದ ಲ್ಯಾಂಬ್ಟನ್ನನ ಕಾಲದ ತೊಂದರೆಗೆ ಇದು ಪರಿಹಾರ.

ಒಂದು ಲೆಕ್ಕ

ಕೆಲವು ಮೀಟರ್ ತಪ್ಪುವ ಗ್ರಾಹಕದಿಂದ ಮಿಲಿಮೀಟರಿನ ಯಂತ್ರಕ್ಕೆ ಏನು ಪ್ರಯೋಜನ ಎಂಬ ಸಂದೇಹ ಬರುವುದು ಸಹಜ. ಉದಾಹರಣೆಗೆ, ಪ್ರಿಸಂ ೪೦೦ ಮೀಟರ್ ದೂರದಲ್ಲಿದೆ, ಗ್ರಾಹಕದ ತಪ್ಪು ೩ ಮೀಟರ್ ಎಂದಿಟ್ಟುಕೊಳ್ಳೋಣ. ೩ನ್ನು ೪೦೦ರಿಂದ ಭಾಗಿಸಿದರೆ ೦.೦೦೭೫ ರೇಡಿಯನ್, ಎಂದರೆ ಸುಮಾರು ೨೬ ಮಿನಿಟು ಕೋನ. ಇದು ಅರ್ಧ ಡಿಗ್ರಿಗಿಂತಲೂ ಕಡಿಮೆ. ಒಂದೂವರೆ ಡಿಗ್ರಿಯ ನೋಟದ ನಡುವಿನಿಂದ ಪಕ್ಕಕ್ಕೆ ಮುಕ್ಕಾಲು ಡಿಗ್ರಿ ಜಾಗವಿರುವುದರಿಂದ ಪ್ರಿಸಂ ಕಣ್ಣಿನೊಳಗೇ ಬಿದ್ದಂತಾಯಿತು. ಮಿಕ್ಕದ್ದನ್ನು ಬೆಳಕು ನೋಡಿಕೊಳ್ಳುವುದು.

ಪ್ರಿಸಂ ೫೦ ಮೀಟರ್ ಹತ್ತಿರಕ್ಕೆ ಬಂದರೆ? ಆಗ ಅದೇ ೩ ಮೀಟರ್ ತಪ್ಪು ಸುಮಾರು ಮೂರೂವರೆ ಡಿಗ್ರಿಯಾಗುವುದು; ಗುರಿ ನೋಟದಿಂದ ಹೊರಗೆ ಬೀಳುವುದು. ದೂರದ್ದು ಸುಲಭ, ಹತ್ತಿರದ್ದು ಕಷ್ಟ! ಆದ್ದರಿಂದ ಹತ್ತಿರದ ಗುರಿಗಳಿಗೆ ಯಂತ್ರವು ಅತ್ತಿತ್ತ ಸ್ವಲ್ಪ ತಡಕಾಡಬೇಕು, ಇಲ್ಲವೆ ಗ್ರಾಹಕವು ಇನ್ನೂ ನಿಖರವಾಗಿರಬೇಕು. ಈ ನಿಖರತೆಯನ್ನು ಹೆಚ್ಚಿಸಲು, ನೆಲದ ಮೇಲೆ ಸ್ಥಿರವಾಗಿ ನಿಂತ ಕೇಂದ್ರಗಳು ಉಪಗ್ರಹದ ಲೆಕ್ಕದಲ್ಲಿರುವ ತಪ್ಪನ್ನು ಕಂಡು ತಿದ್ದುಪಡಿಯನ್ನು ಪ್ರಸಾರ ಮಾಡುತ್ತವೆ. ವಿಮಾನಗಳಿಗಾಗಿ ರೂಪಿಸಿದ ‘ಗಗನ್’ ವ್ಯವಸ್ಥೆಯು ಇಂಥದ್ದೇ. ಅದರ ನಿಯಂತ್ರಣ ಕೇಂದ್ರವು ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. ನಮ್ಮ ರಾಜ್ಯದ ಭೂಮಾಪಕರು ಇತ್ತೀಚಿನ ವರ್ಷಗಳಲ್ಲಿ ಸರಪಳಿಯ ಬದಲು ಹಿಡಿಯುತ್ತಿರುವ ‘ರೋವರ್’ ಎಂಬ ಕೋಲು ಕೂಡ ಈ ಬಗೆಯ ತಿದ್ದುಪಡಿಯ ಬಲದಿಂದಲೇ ಸೆಂಟಿಮೀಟರುಗಳ ಲೆಕ್ಕದಲ್ಲಿ ಹೊಲದ ಮೂಲೆಯನ್ನು ತೋರಿಸುತ್ತದೆ.

ಹಾಗಾದರೆ ರೋವರ್ ಒಂದೇ ಸಾಲದೇ ಎಂದರೆ, ಅದಕ್ಕೆ ತೆರೆದ ಆಕಾಶ ಬೇಕು. ಮರದ ದಟ್ಟ ನೆರಳು, ಎತ್ತರದ ಗೋಡೆ, ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರ ಇವುಗಳ ಪಕ್ಕದಲ್ಲಿ ಅದು ತಬ್ಬಿಬ್ಬಾಗುವುದು. ಅಂಥ ಕಡೆ ಟೋಟಲ್ ಸ್ಟೇಷನ್ನೇ ಗತಿ.

ನಮ್ಮ ಊರಿನ ಸಂದರ್ಭ

ಈ ವಿದ್ಯೆಗೆ ನಮ್ಮ ಊರಿನಲ್ಲಿಯೇ ಕೆಲಸವಿದೆ. ರೈಲಿನಲ್ಲಿ ಬಂಗಾರಪೇಟೆಯಿಂದ ಮಾರಿಕುಪ್ಪಕ್ಕೆ ಬರುವವರಿಗೆಲ್ಲ ಕಾಣುವ ಸೈನೈಡ್ ಗುಡ್ಡಗಳನ್ನು ನೆನೆಯಿರಿ. ಅದಿರನ್ನು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿಗಳು ಅವು. ಅವುಗಳಲ್ಲಿ ಉಳಿದಿರುವ ಚಿನ್ನಕ್ಕಾಗಿ ೧೩ ಗುಡ್ಡಗಳನ್ನು ಮತ್ತೆ ಸಂಸ್ಕರಿಸುವ ಕೇಂದ್ರ ಸರ್ಕಾರದ ಸಲಹೆಗೆ ರಾಜ್ಯ ಸಚಿವ ಸಂಪುಟವು ೨೦೨೪ರ ಜೂನ್ ತಿಂಗಳಲ್ಲಿ ಒಪ್ಪಿಗೆ ಕೊಟ್ಟಿತು. ಆ ನೆಲದ ವಿಸ್ತೀರ್ಣ ೧,೦೦೩.೪ ಎಕರೆ. ಇಷ್ಟು ನೆಲದ ಮೇಲೆ ಎತ್ತರದ ಅಳತೆಯು ಸರಾಸರಿ ೧೦ ಸೆಂಟಿಮೀಟರ್ ತಪ್ಪಿದರೆ, ಮಣ್ಣಿನ ಲೆಕ್ಕದಲ್ಲಿ ಸುಮಾರು ೪ ಲಕ್ಷ ಘನಮೀಟರ್ ತಪ್ಪು ಬರುವುದು. ಚಿನ್ನದ ಬೆಲೆ, ಸರ್ಕಾರದ ಪಾಲು, ಗುಡ್ಡದ ಧೂಳನ್ನು ಉಸಿರಾಡುವ ಜನರ ಪರಿಹಾರ ಇವೆಲ್ಲವೂ ಇಂಥ ಅಂಕಿಗಳನ್ನೇ ಆಧರಿಸುವುವು. ಮಳೆ ಕೊರೆದ ಆ ಕಡಿದಾದ ಇಳಿಜಾರಿನಲ್ಲಿ ಒಬ್ಬನು ಪ್ರಿಸಂ ಹಿಡಿದು ನಡೆಯುತ್ತಿರಲು, ಯಂತ್ರವು ಗಟ್ಟಿನೆಲದ ಮೇಲೆ ನಿಂತು ಅವನನ್ನು ತಾನಾಗಿ ಹಿಂಬಾಲಿಸಿ ಅಳೆಯುವುದಾದರೆ, ಸಾವಿರಾರು ಬಿಂದುಗಳನ್ನು ಅಲ್ಪಕಾಲದಲ್ಲಿ ಅಳೆಯಬಹುದು.

ಇದೇ ಅನುಕೂಲಕ್ಕೆ ಇನ್ನೊಂದು ಮುಖವೂ ಇದೆ. ನಾಲ್ವರ ಕೆಲಸವನ್ನು ಒಬ್ಬನು ಮಾಡಿದರೆ ಮಿಕ್ಕ ಮೂವರು ಏನು ಮಾಡಬೇಕು? ಬಾವುಟ ಹಿಡಿದು, ಸರಪಳಿ ಎಳೆದು, ಮುಕ್ಕಾಲಿ ಹೊತ್ತವರ ಹೆಸರು ಮೋಜಣಿಯ ಚರಿತ್ರೆಯಲ್ಲಿ ಬರೆದಿಲ್ಲ. ಆದರೆ ಅವರ ಕೂಲಿಯಿಂದ ಎಷ್ಟೋ ಮನೆಗಳು ನಡೆದಿವೆ. ಗಣಿಯ ಊರಿನವರಾದ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರವನ್ನು ನಡೆಸುವ ವಿದ್ಯೆಯನ್ನು ಕೋಲು ಹಿಡಿದವನಿಗೂ ಕಲಿಸುವುದೇ ಇದಕ್ಕೆ ತಕ್ಕ ದಾರಿ.

ರೇಡಿಯೋ ಸೋಲುವ ಸ್ಥಳ

ಈಗ ಮೂರನೆಯ ಪ್ರಶ್ನೆಗೆ ಬರೋಣ. ಚಾಂಪಿಯನ್ ರೀಫ್ ಗಣಿಯು ಸುಮಾರು ೩,೨೦೦ ಮೀಟರ್ ಆಳಕ್ಕೆ ಇಳಿದು, ಜಗತ್ತಿನ ಅತ್ಯಂತ ಆಳವಾದ ಗಣಿಗಳಲ್ಲಿ ಒಂದೆಂದು ಹೆಸರಾಗಿತ್ತು. ಭೂಮಿಯ ಮೇಲಿನಿಂದ ರೇಡಿಯೋ ಸಂಕೇತವನ್ನು ಕಳುಹಿಸಿ ಆ ಆಳದ ಬಿಂದುವನ್ನು ಹುಡುಕಬಹುದೇ? ೧,೦೦೦ ಓಮ್-ಮೀಟರ್ ವಿದ್ಯುತ್ ರೋಧವುಳ್ಳ ಬಂಡೆಯೆಂದು ಭಾವಿಸಿದರೆ, ೧೦೦ ಕಿಲೋಹರ್ಟ್ಸ್ ಅಲೆಯು ಅದರೊಳಗೆ ಪ್ರತಿ ೫೦ ಮೀಟರಿಗೆ ತನ್ನ ಶಕ್ತಿಯ ಬಹುಪಾಲನ್ನು ಕಳೆದುಕೊಳ್ಳುವುದು. ೩,೨೦೦ ಮೀಟರಿನಲ್ಲಿ ಇಂಥ ೬೪ ಹಂತಗಳು. ಉಪಗ್ರಹದ ಅಲೆಯ ಪಾಡಂತೂ ಇದಕ್ಕಿಂತಲೂ ಕಷ್ಟ. ಸುರಂಗದ ಬಾಯಿ ದಾಟಿದೊಡನೆಯೇ ಅದು ಇಲ್ಲವಾಗುವುದು.

ಬಂಡೆಯ ಈ ಗುಣವೇ ಒಮ್ಮೆ ವರವೂ ಆಯಿತು. ಆಕಾಶದಿಂದ ಸುರಿಯುವ ವಿಶ್ವಕಿರಣಗಳನ್ನು ತಡೆದು ನ್ಯೂಟ್ರಿನೋ ಎಂಬ ಕಣವನ್ನು ಮಾತ್ರ ಒಳಗೆ ಬಿಡುವ ಸ್ಥಳ ವಿಜ್ಞಾನಿಗಳಿಗೆ ಬೇಕಾಗಿತ್ತು. ೧೯೬೫ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್ ಮತ್ತು ಇಂಗ್ಲೆಂಡಿನ ವಿಜ್ಞಾನಿಗಳೊಡನೆ ಸೇರಿ, ಇಲ್ಲಿಯ ಗಣಿಯಲ್ಲಿ ಸುಮಾರು ೨.೩ ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೋಗಳ ಸುಳಿವನ್ನು ಕಂಡರು. ನಂಜನಗೂಡಿನಲ್ಲಿ ಹುಟ್ಟಿದ ಬಿ. ವಿ. ಶ್ರೀಕಂಠನ್ ಆ ತಂಡದಲ್ಲಿದ್ದರು. ವಿಶ್ವಕಿರಣಗಳೇ ಸೋತ ಕಡೆ ರೇಡಿಯೋ ಗೆಲ್ಲುವುದೆಂತು?

ಅಲ್ಲಿ ಮೋಜಣಿದಾರನಿಗೆ ದಿಕ್ಕು ತೋರಿಸುವುದು ಯಾವುದು? ಗಾರೆಯವನ ಕೈಯಲ್ಲಿ ನಾವು ದಿನವೂ ಕಾಣುವ ತೂಗುಗುಂಡೇ. ಶಾಫ್ಟಿನಲ್ಲಿ ಎರಡು ತಂತಿಗಳನ್ನು ಇಳಿಬಿಟ್ಟು, ಕೆಳಗೆ ಭಾರವನ್ನು ಕಟ್ಟಿ, ಆ ಭಾರವು ತೂಗಾಡದಂತೆ ಎಣ್ಣೆಯ ಅಥವಾ ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಎರಡು ತಂತಿಗಳ ನಡುವಿನ ರೇಖೆಯ ದಿಕ್ಕು ಮೇಲೆ ಎಷ್ಟೋ ಕೆಳಗೂ ಅಷ್ಟೇ. ಸಾವಿರ ಮೀಟರ್ ಉದ್ದದ ತಂತಿಯು ಒಮ್ಮೆ ಅತ್ತಿತ್ತ ತೂಗಿ ಬರಲು ಸುಮಾರು ೬೩ ಸೆಕೆಂಡು ಹಿಡಿಯುವುದು. ಅದರ ನಡುನೆಲೆಯನ್ನು ತಾಳ್ಮೆಯಿಂದ ಕಾದು ಗುರುತಿಸಬೇಕು. ತಂತಿಗಳ ನಡುವೆ ೪ ಮೀಟರ್ ಅಂತರವಿದ್ದು, ಒಂದು ತಂತಿಯು ಒಂದೇ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದರೂ ದಿಕ್ಕಿನಲ್ಲಿ ಸುಮಾರು ೫೨ ಸೆಕೆಂಡು ತಪ್ಪು ಬರುವುದು. ಸಾವಿರ ಮೀಟರ್ ಸುರಂಗದ ಕೊನೆಯಲ್ಲಿ ಅದು ೨೫ ಸೆಂಟಿಮೀಟರ್ ಆಗುವುದು. ಎರಡು ಕಡೆಯಿಂದ ಕೊರೆದುಕೊಂಡು ಬಂದ ಸುರಂಗಗಳು ಕೂಡುವುದೂ, ನೀರು ತುಂಬಿದ ಹಳೆಯ ಪೊಳ್ಳನ್ನು ತಪ್ಪಿಸಿಕೊಳ್ಳುವುದೂ ಇಂಥ ಮಿಲಿಮೀಟರುಗಳ ಮೇಲೆ ನಿಂತಿದ್ದವು. ಕೊರೆಯುವ ಗಣಿಗಾರನು ತನ್ನ ಜೀವವನ್ನು ಮೋಜಣಿದಾರನ ನಕ್ಷೆಗೆ ಒಪ್ಪಿಸಿ ಕೆಳಗಿಳಿಯುತ್ತಿದ್ದನು.

೨೦೦೧ರ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದವು; ಕೆಳಗಿನ ಸುರಂಗಗಳಲ್ಲಿ ನೀರು ತುಂಬಿತು. ನೂರಾರು ಕಿಲೋಮೀಟರ್ ಉದ್ದದ ಆ ಸುರಂಗಗಳಿಗೆ ಇಳಿದು ಮತ್ತೆ ಅಳೆಯುವುದು ಈಗ ಸಾಧ್ಯವಿಲ್ಲ. ನಮ್ಮ ಬೀದಿಗಳ ಕೆಳಗೆ ಪೊಳ್ಳು ಎಲ್ಲಿದೆ, ಗಟ್ಟಿ ಎಲ್ಲಿದೆ ಎಂಬುದಕ್ಕೆ ಹಳೆಯ ಮೋಜಣಿದಾರರು ತೂಗುಗುಂಡು ಹಿಡಿದು ಬರೆದ ನಕ್ಷೆಗಳೇ ಆಧಾರ. ಭೂಮಿಯ ಮೇಲೆ ಹೊಸ ಕಟ್ಟಡವನ್ನು ಎಬ್ಬಿಸುವವರು ರೇಡಿಯೋ ನೆರವಿನ ಯಂತ್ರದಿಂದ ಎಷ್ಟೇ ನಿಖರವಾಗಿ ಅಳೆದರೂ, ಆ ಅಳತೆಯನ್ನು ಹಳೆಯ ನಕ್ಷೆಯ ಪಕ್ಕದಲ್ಲಿಟ್ಟು ನೋಡದಿದ್ದರೆ ಅರ್ಧ ಸತ್ಯ ಮಾತ್ರ ತಿಳಿದಂತಾಗುವುದು.

ಉಪಸಂಹಾರ

ಮೇಲೆ ಹೇಳಿದ ವಿಷಯಗಳಿಂದ ಒಂದು ತತ್ವವು ಸ್ಪಷ್ಟವಾಗುತ್ತದೆ. ರೇಡಿಯೋ ಗುರಿಯ ಇರವನ್ನು ಕೂಗಿ ಹೇಳಬಲ್ಲದು, ಬೆಳಕು ಅದನ್ನು ಸೂಕ್ಷ್ಮವಾಗಿ ನೋಡಬಲ್ಲದು, ಇವೆರಡೂ ಹೊಗದ ಕಡೆ ಭೂಮಿಯ ಸೆಳೆತವೊಂದೇ ದಾರಿ ತೋರಿಸಬಲ್ಲದು. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೊರಟರೆ ಕೆಡುಕು; ಮೂರನ್ನೂ ಅವುಗಳ ಎಲ್ಲೆಯರಿತು ಕೂಡಿಸಿದರೆ ಲಾಭ. ಮೋಜಣಿ ಎಂದರೆ ಎಲ್ಲೆಯನ್ನು ಅರಿಯುವ ವಿದ್ಯೆ. ತನ್ನ ಉಪಕರಣದ ಎಲ್ಲೆಯನ್ನು ಅರಿಯುವುದೂ ಅದರಲ್ಲಿ ಸೇರಿದೆ. ಚಿನ್ನದ ಗಣಿಯ ನೆರಳಿನಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಮಿತ್ರರಲ್ಲಿ ಕೆಲವರಾದರೂ ಈ ವಿದ್ಯೆಯ ಕಡೆಗೆ ಮನಸ್ಸು ಕೊಡಲಿ. ಹೊಸ ಯಂತ್ರದ ಜೊತೆಗೆ ಹಳೆಯ ನಕ್ಷೆಯನ್ನು ಓದುವುದನ್ನೂ ಕಲಿಯಲಿ. ನಮ್ಮ ಊರಿನ ನೆಲಕ್ಕೆ ಎರಡೂ ಬೇಕಾಗಿವೆ.